ಒಂದು ಜಗ್ಗು, ಎರಡು ಜಗ್ಗು

ನಾನು ಚೌಡೇಶ್ವರಿ ಮೋಟಾರ್ಸಿನ ಕಂಡಕ್ಟರು,
ಮಧುಗಿರಿಯಿಂದ ಪಾವಗಡ, ಮಿಡಿಗೇಶಿ ಮೇಲೆ,
ದಿನಕ್ಕೆ ನಾಕು ಸಿಂಗಲ್ಲು, ಇಪ್ಪತ್ತೊಂಬತ್ತು ವರ್ಷ.
ಬಸ್ಸಿನ ಉದ್ದಕ್ಕೂ ನೆತ್ತಿಯ ಮೇಲೆ ಒಂದು ಹಗ್ಗ,
ತುದಿಗೆ, ಡ್ರೈವರ್ ಹುಸೇನಿಯ ಕಿವಿ ಹತ್ತಿರ, ಗಂಟೆ.
ಒಂದು ಸಲ ಜಗ್ಗಿದರೆ ನಿಲ್ಲು.
ಎರಡು ಸಲ ಜಗ್ಗಿದರೆ ಹೊರಡು.

ಗಂಗಲಕ್ಷ್ಮಿಗೆ ಮೂರು ತುಂಬಿದರೂ ಮಾತು ಬರಲಿಲ್ಲ.
ತುಮಕೂರಿನ ಡಾಕ್ಟರು ಅವಳ ಬೆನ್ನ ಹಿಂದೆ ತಟ್ಟೆ ಬಡಿದು ನೋಡಿದರು.
ಬೆಚ್ಚಿದ್ದು ನಾನು, ನನ್ನ ಹೆಂಡತಿ, ಬಾಗಿಲಲ್ಲಿದ್ದ ನರ್ಸು.
ಮಗು ಗೋಡೆಯ ಹಲ್ಲಿಯನ್ನೇ ನೋಡುತ್ತಿತ್ತು,
ಅದು ಹೇಗೆ ಮೇಲೆ ಹೋಗುತ್ತೆ ಅಂತ.

ಅಂಗನವಾಡಿಗೆ ಸೇರಿಸಿಕೊಳ್ಳಲಿಲ್ಲ. ಬಸ್ಸಿಗೆ ಹತ್ತಿಸಿಕೊಂಡೆ.
ಬಾನೆಟ್ಟಿನ ಬಿಸಿಯ ಮೇಲೆ ಟವೆಲು ಹಾಸಿ ಕೂರಿಸಿದರೆ
ಇಂಜಿನ್ನು ಅವಳಿಗೆ ತೊಡೆಯಲ್ಲಿ ಕೇಳುತ್ತಿತ್ತು.
ನಾನು ಎತ್ತಿ ಹಿಡಿದರೆ ಹಗ್ಗ ಜಗ್ಗುವಳು,
ಒಂದು, ನಿಲ್ಲು. ಎರಡು, ಹೊರಡು.
ಗಂಟೆ ಎನ್ನುವುದೊಂದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.
ಹಗ್ಗ ಹೇಳುತ್ತದೆ, ಬಸ್ಸು ಕೇಳುತ್ತದೆ, ಅಷ್ಟೆ.

ಆಮೇಲಿನದು ಊರಿಗೆಲ್ಲ ಗೊತ್ತು.
ಬೆಟ್ಟ ಮನೆಯ ಹಿಂದೆಯೇ ಇತ್ತಲ್ಲ, ಒಂದೇ ಕಲ್ಲು,
ದೊಡ್ಡ ಮುದ್ದೆ ತಿರುವಿ ಇಟ್ಟ ಹಾಗೆ.
ಮೆಟ್ಟಿಲು, ಕಂಬಿ ಎಲ್ಲ ಬಿಟ್ಟು,
ಕೋಟೆ ಕಟ್ಟಿದವರೇ ಇತ್ತ ಯಾರು ಬಂದಾರು ಎಂದು
ಗೋಡೆ ಕಟ್ಟದೆ ಬಿಟ್ಟ ಮಗ್ಗುಲಲ್ಲಿ ಹತ್ತಿದಳು, ಹದಿನೇಳಕ್ಕೆ.

ಕಲ್ಲು ಉರುಳಿದರೆ ಇವಳಿಗೆ ಹೇಗೆ ಗೊತ್ತಾಗುತ್ತೆ
ಎಂದು ತರಬೇತಿಯವರು ಎರಡು ವರ್ಷ ಅರ್ಜಿ ವಾಪಸ್ಸು ಕಳಿಸಿದರು.
ಮೂರನೇ ವರ್ಷ ಅವರೆದುರೇ ಬಂಡೆಗೆ ಕೆನ್ನೆ ಹಚ್ಚಿ
ಬೆರಳೆತ್ತಿದಳು: ದೂರದ ಕ್ವಾರಿಯಲ್ಲಿ ಮೂರು ಕುಳಿ ಸಿಡಿದವು.
ಕಿವಿ ಇದ್ದವರು ಎರಡು ಎಂದರು.
ಮೇಸ್ತ್ರಿಗೆ ಫೋನು ಹಚ್ಚಿದರೆ ಮೂರೇ ಅಂದ.

ಶಿಖರಕ್ಕೆ ಹೆಸರಿರಲಿಲ್ಲ, ಗಢವಾಲದಾಚೆ ಬರೀ ಒಂದು ನಂಬರು,
ಆರು ಸಾವಿರದ ಚಿಲ್ಲರೆ ಮೀಟರು.
ಚಿಲ್ಲರೆ ನಾನು ಮರೆಯುವವನಲ್ಲ: ನೂರ ಎಂಬತ್ತೇಳು.
ಗಾಳಿ ಎದ್ದಾಗ ಜೊತೆಯ ಐದು ಜನವೂ ಕಿವುಡರಾದರಂತೆ.
ಮುಂದಾಳು ಬಾಯಿ ತೆರೆದು ಕೂಗುತ್ತಿದ್ದ,
ಕೂಗು ಹಿಮದ ಜೊತೆ ಹಾರಿಹೋಗುತ್ತಿತ್ತು.
ಇವಳೊಬ್ಬಳಿಗೆ ಏನೂ ಬದಲಾಗಿರಲಿಲ್ಲ.
ಮುಂದೆ ಬಂದಳು, ಹಗ್ಗ ಹಿಡಿದಳು.
ಒಂದು ಜಗ್ಗು. ಎರಡು ಜಗ್ಗು.
ಮಿಡಿಗೇಶಿ ತಿರುವು ದಾಟಿಸಿದ ಹಾಗೆ ದಾಟಿಸಿದಳು.

ತಾಲೂಕು ಕಚೇರಿ ಪಕ್ಕದ ಭವನದಲ್ಲಿ ಸನ್ಮಾನ.
ಮೈಕು ಕೀಂಯ್ ಎಂದು ಕಿರುಚಿ ಸಭೆಯೆಲ್ಲ ಕಿವಿ ಮುಚ್ಚಿಕೊಂಡಾಗ
ಶಾಲು ಹೊದ್ದವಳು ನೆಮ್ಮದಿಯಾಗಿ ಖಾರಾಬೂಂದಿ ತಿನ್ನುತ್ತಿದ್ದಳು.
ಭಾಷಣದವರು ಪಾಪ ಎಂದದ್ದು ಹನ್ನೊಂದು ಸಲ.
ಟಿಕೆಟ್ಟು ಎಣಿಸಿದ ಹಾಗೆ ಎಣಿಸಿದ್ದೇನೆ.

ಈಗ ನನ್ನ ಕಿವಿಯೂ ಮಂದ, ಇಂಜಿನ್ನಿನ ಪಕ್ಕ ಸವೆದದ್ದು.
ಹೆಂಡತಿ ಕರೆದದ್ದು ಕೇಳುವುದಿಲ್ಲ. ಕೆಲವು ಬೇಕೆಂದೇ.
ಭಾನುವಾರ ಮಗಳು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ
ಬೆಟ್ಟದ ಬುಡದಲ್ಲಿ ನಿಲ್ಲಿಸಿ ತಾನು ಏರುತ್ತಾಳೆ.
ಬಂಡೆಯ ಉಬ್ಬು ದಾಟಿದರೆ ಕಾಣುವುದಿಲ್ಲ,
ಹಗ್ಗ ಮಾತ್ರ ಕೈಯಲ್ಲಿ ಜಾರುತ್ತದೆ, ಮೊಳ ಮೊಳ.

ಹೋದ ವಾರ ಒಂದು ಜಗ್ಗು ಬಂತು.
ನಿಂತೆ. ಬಿಸಿಲು ತುದಿಯಿಂದ ನನ್ನ ಚಪ್ಪಲಿಯವರೆಗೆ ಇಳಿಯಿತು.
ಕೂಗಿದರೆ ಅವಳಿಗಿಲ್ಲ,
ಉತ್ತರ ಬಂದರೆ ನನಗಿಲ್ಲ.
ಅಂಗೈ ಬೆವರಿತು. ಎಷ್ಟೋ ಹೊತ್ತಿನ ಮೇಲೆ
ಎರಡು.

ಇಳಿದು ಬಂದವಳು ಬೆರಳಲ್ಲಿ ಹೇಳಿದಳು:
ಬಿರುಕಿನಲ್ಲಿ ಹೆಜ್ಜೇನು ಕಟ್ಟಿತ್ತು. ಎಬ್ಬಿಸದೆ
ಪಕ್ಕದಲ್ಲಿ ಹಾಯಲು ಹಿಡಿ ಹುಡುಕುತ್ತಿದ್ದೆ.
ನನಗೆ ಅರ್ಥವಾಗಲಿಲ್ಲವೆಂದುಕೊಂಡಳೋ ಏನೋ,
ನನ್ನ ಅಂಗೈ ಎಳೆದು ತನ್ನದಕ್ಕೆ ಒತ್ತಿಕೊಂಡು
ಮೆಲ್ಲಗೆ, ತುಂಬ ಮೆಲ್ಲಗೆ ನಡುಗಿಸಿದಳು.
ಹೀಗಿತ್ತು ಬಂಡೆ, ಅಂದಳು. ಒಳಗೆಲ್ಲ ಹೀಗೆ.